ಸಿಂಗಸಂದ್ರವೂ ಬಸವನಗುಡಿಯೂ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಬೊಮ್ಮನಹಳ್ಳಿಯನ್ನು ದಾಟಿ ಎಲೆಕ್ಟ್ರಾನಿಕ್ ಸಿಟಿಯನ್ನು ತಲಪುವ ಮುನ್ನ ಸಿಂಗಸಂದ್ರ ಎದುರಾಗುತ್ತದೆ. ಹಿಂದೆ ಇದು ಹೊಲತೋಟಗಳ ನಡುವಣ ಹಳ್ಳಿ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ನೆರೆಯಲ್ಲೇ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸತೊಡಗಿದ ಮೇಲೆ ಇದರ ಚಹರೆ ಬದಲಾಯಿತು. 2007ರಲ್ಲಿ ಇದು ಮಹಾನಗರ ಪಾಲಿಕೆಯ ಎಲ್ಲೆಯೊಳಕ್ಕೆ ಬಂದಿತು. ಇಂತಹ ಊರನ್ನು, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿಯೊಡನೆ ಹೋಲಿಸುವುದೆಂತು? ಕಣ್ಣಳತೆ ಸಾಲದು. ಎರಡೂ ಕಡೆ ಒಂದೇ ಪ್ರಶ್ನೆಗಳನ್ನು ಕೇಳುವ ಜನಗಣತಿಯೇ ಇಲ್ಲಿ ಅಳತೆಗೋಲು. 2011ರ ಗಣತಿಗಾಗಿ ಮನೆಗಳ ಪಟ್ಟಿ ಮಾಡಿದಾಗ 35 ಪ್ರಶ್ನೆಗಳಿದ್ದುವು: ಗೋಡೆ ಯಾವುದರದು, ಕುಡಿಯುವ ನೀರು ಆವರಣದಲ್ಲಿಯೇ ದೊರೆಯುವುದೋ ದೂರದಿಂದ ತರಬೇಕೋ ಮುಂತಾಗಿ.

ಬರಿಯ ಸಂಖ್ಯೆಗಳನ್ನು ಎದುರುಬದುರು ಇಟ್ಟರೆ ಹೋಲಿಕೆಯಾಗುವುದಿಲ್ಲ. ಒಂದು ಬಡಾವಣೆಯ 1000 ಮನೆಗಳಲ್ಲಿ 200 ಮನೆಯವರು, ಇನ್ನೊಂದರ 4000 ಮನೆಗಳಲ್ಲಿ 400 ಮನೆಯವರು ನೀರನ್ನು ಹೊರಗಿನಿಂದ ತರುತ್ತಾರೆ ಎಂದಿಟ್ಟುಕೊಳ್ಳೋಣ. ಸಂಖ್ಯೆ ದೊಡ್ಡದು ಎರಡನೆಯದರದು; ಆದರೆ ಕೊರತೆ ಶೇಕಡಾ 20ರಷ್ಟಿರುವುದು ಮೊದಲನೆಯದರಲ್ಲಿ.

ಶೇಕಡಾವಾರು ಲೆಕ್ಕವೂ ಕಾರಣವನ್ನು ಹೇಳದು. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ 1000 ಪುರುಷರಿಗೆ 916 ಸ್ತ್ರೀಯರಿದ್ದರು; ರಾಜ್ಯದಲ್ಲಿ 973. ರಾಜಧಾನಿಯು ಹೆಣ್ಣುಮಕ್ಕಳಿಗೆ ಅಷ್ಟು ನಿಷ್ಕರುಣಿಯೇ ಎಂದು ಯಾರಾದರೂ ಕೇಳಬಹುದು. ಆರು ವರ್ಷದವರೆಗಿನ ಮಕ್ಕಳ ಅಂಕಿಯನ್ನು ನೋಡಿ: ಜಿಲ್ಲೆಯಲ್ಲಿ 944, ರಾಜ್ಯದಲ್ಲಿ 948. ಅಂತರ ಬಹುಮಟ್ಟಿಗೆ ಕರಗಿತು. ದುಡಿಮೆಗಾಗಿ ಹೆಂಡಿರು ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ಗಂಡಸರು ಮೊದಲ ಅಂಕಿಯನ್ನು ಕುಗ್ಗಿಸಿದ್ದರು. ಕೈಗಾರಿಕೆಗಳ ನೆರೆಯ ಬಡಾವಣೆಯ ಅಂಕಿಗಳನ್ನು ಓದುವಾಗ ಇದನ್ನು ಮರೆಯಲಾಗದು.

ಸರಾಸರಿಯಂತೂ ಇನ್ನಷ್ಟು ಮೋಸಗಾರ. 2001ರಿಂದ 2011ರವರೆಗೆ ಈ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೇರಿತು. ಈ ಏರಿಕೆಯು ಎಲ್ಲೆಡೆ ಸಮನಾಗಿ ಹಂಚಿಹೋಗಲಿಲ್ಲ. ಹಳೆಯ ಪೇಟೆಗಳಲ್ಲಿ ಅಲ್ಪ, ನಗರದ ಅಂಚಿನಲ್ಲಿ ಅಪಾರ. ಅಂಚಿನ ಒಂದೇ ವಾರ್ಡಿನೊಳಗೂ ಬಹುಮಹಡಿಯ ವಸತಿಗಳ ಮಗ್ಗುಲಲ್ಲಿ ಸಿದ್ಧ ಉಡುಪಿನ ಕಾರ್ಮಿಕರ ಒಂದು ಕೋಣೆಯ ಮನೆಗಳಿರುತ್ತವೆ. ಎರಡನ್ನೂ ಕೂಡಿಸಿ ಭಾಗಿಸಿದರೆ ದೊರೆಯುವ ಮನೆ ಅಲ್ಲೆಲ್ಲಿಯೂ ಇರುವುದಿಲ್ಲ.

2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಕೋವಿಡ್ ಪಿಡುಗಿನಿಂದ ಮುಂದೆ ಹೋಯಿತು. ಮುಂದಿನದಕ್ಕೆ 2027ರ ಮಾರ್ಚ್ 1 ಗೊತ್ತಾಗಿದೆ. ಅಲ್ಲಿಯವರೆಗೆ ಸಿಂಗಸಂದ್ರಕ್ಕೆ ಎಷ್ಟು ಶಾಲೆ, ಎಷ್ಟು ನೀರು ಬೇಕೆಂದು ಗುಣಿಸುವವರಿಗೆ ಪೂರ್ಣ ಗಣತಿಯೆಂದರೆ 2011ರದೇ. ಇಂದು ಒಂಬತ್ತನೆಯ ತರಗತಿಯಲ್ಲಿರುವ ಬಹುಪಾಲು ಮಕ್ಕಳು ಅದರಲ್ಲಿ ಲೆಕ್ಕಕ್ಕೇ ಬಂದಿಲ್ಲ.