ಸರ್ಟಿಫಿಕೇಟ್ ಇಲ್ಲದ ರಜೆ

‘ರೆಸ್ಯೂಮೆಯಲ್ಲಿ ಇಂಟರ್ನ್‌ಶಿಪ್ ಅಂತ ಬರೆದಿದ್ದೀಯ. ಅಲ್ಲಿ ಏನು ಮಾಡಿದೆ?’

ಕಳೆದ ವರ್ಷ ರಜೆ ಮುಗಿದ ಮೊದಲ ವಾರ ಕಾಲೇಜಿನಲ್ಲಿ ಅಣಕು ಸಂದರ್ಶನ ಇತ್ತು. ಮೇಷ್ಟ್ರು ಕೇಳಿದ್ದು ಇಷ್ಟೇ. ‘ತುಂಬಾ ಕಲಿತೆ ಸರ್’ ಎಂದೆ. ‘ಏನು ಕಲಿತೆ?’ ಎಂದರು. ಆಮೇಲೆ ಕೊಠಡಿಯಲ್ಲಿ ಕೇಳಿಸಿದ್ದು ಫ್ಯಾನಿನ ಸದ್ದು ಮಾತ್ರ. ಯಾವುದೋ ಸಂಸ್ಥೆಗೆ 1,500 ರೂಪಾಯಿ ಕಟ್ಟಿ, ಎರಡು ವಿಡಿಯೊ ನೋಡಿ, ನಾಲ್ಕೇ ದಿನಕ್ಕೆ ಚಿನ್ನದ ಬಣ್ಣದ ಅಂಚಿನ ಸರ್ಟಿಫಿಕೇಟ್ ಪಡೆದಿದ್ದೆ. ಅದರಲ್ಲಿ ನನ್ನ ಹೆಸರಿತ್ತು, ಕೆಲಸ ಇರಲಿಲ್ಲ.

ಈ ಬೇಸಿಗೆಯಲ್ಲೂ ಅಂಥದ್ದೇ ಜಾಹೀರಾತು ವಾಟ್ಸ್‌ಆ್ಯಪ್‌ನಲ್ಲಿ ಬಂತು. ನಾಲ್ಕು ವಾರದ ‘ಪ್ಯಾಕೇಜ್’, ಶುಲ್ಕ 8,000 ರೂಪಾಯಿ. ಗೆಳೆಯರು ಕಟ್ಟಿದರು. ನಾನೂ ಮನೆಯಲ್ಲಿ ಹೇಳಿದೆ. ಅರಸೀಕೆರೆ ಕಡೆಯವರಾದ ನಮ್ಮದು ತೆಂಗು ನಂಬಿದ ಮನೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಓದಿಗೆ ಬೇಕೇಬೇಕು ಅಂದ್ರೆ ಹೇಳು ಮಗ, ಅಟ್ಟದ ಮೇಲಿರೋ ಕಾಯಿ ಇಳಿಸಿ ಕೊಟ್ಬಿಡ್ತೀನಿ’ ಎಂದರು. ಕಾಯಿ ಹತ್ತು, ಹನ್ನೊಂದು ತಿಂಗಳು ಅಟ್ಟದಲ್ಲಿದ್ದು ಒಣಗಿದರೇ ಉಂಡೆ ಕೊಬ್ಬರಿ. ನಡುವೆ ಇಳಿಸಿದರೆ ಅಷ್ಟು ದಿನ ಕಾದದ್ದು ದಂಡ. ಫ್ಯಾನಿನ ಸದ್ದು ಮತ್ತೆ ಕೇಳಿಸಿದ ಹಾಗಾಯಿತು. ‘ಬೇಡ ಅಪ್ಪ’ ಎಂದೆ.

ಮೇಸ್ತ್ರಿಯ ಪಾಠ

ಬೇಡ ಎಂದದ್ದೇನೋ ಸರಿ, ಮುಂದೇನು? ನಾನು ಓದುತ್ತಿರುವುದು ಸಿವಿಲ್. ಆದರೆ ನಾಲ್ಕು ಸೆಮಿಸ್ಟರ್ ಕಳೆದರೂ ಒಂದು ಮನೆ ಏಳುವುದನ್ನು ಪಕ್ಕದಲ್ಲಿ ನಿಂತು ನೋಡಿರಲಿಲ್ಲ. ಮಾವನಿಗೆ ಪರಿಚಯದ ಮೇಸ್ತ್ರಿಯೊಬ್ಬರಿದ್ದರು. ಊರ ಹೊರಗೆ ಅವರ ಎರಡು ಮನೆ ಕೆಲಸ ನಡೆದಿತ್ತು. ಒಂದು ಪಾಯದಲ್ಲಿ, ಇನ್ನೊಂದು ಮೋಲ್ಡ್ ಹಂತದಲ್ಲಿ. ‘ಕೂಲಿ ಬೇಡ, ಕಲಿಸಿ’ ಎಂದೆ. ‘ಬಿಸಿಲು ತಡ್ಕೊಂಡ್ರೆ ಬಾ’ ಎಂದರು.

ಮೊದಲ ದಿನ ಪಾಯದ ಗುರುತು ಹಾಕುತ್ತಿದ್ದರು. ‘ಇಂಜಿನಿಯರ್ರೇ, ಮೂಲೆ ಮಟ್ಟ ಐತಾ ನೋಡಿ’ ಎಂದರು. ಕಂಪಾಸ್ ಇಲ್ಲದೆ 90 ಡಿಗ್ರಿ ಹೇಗೆ ನೋಡುವುದು? ಪಿಳಿಪಿಳಿ ಕಣ್ಣು ಬಿಟ್ಟೆ. ಅವರು ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ, ಎರಡರ ನಡುವೆ ಟೇಪ್ ಹಿಡಿದರು. ಸರಿಯಾಗಿ 5 ಅಡಿ ಬಂತು. ಪೈಥಾಗೊರಸ್ ಪ್ರಮೇಯವನ್ನು ಎಂಟನೇ ತರಗತಿಯಿಂದ ಬಾಯಿಪಾಠ ಮಾಡಿದವನು ನಾನು; ಬಳಸಿದ್ದು ಅವರು. ಮರುದಿನ ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿದು ನಾಲ್ಕು ಮೂಲೆಯ ಮಟ್ಟ ತೆಗೆದರು. ಕಾಲೇಜಿನ ಲ್ಯಾಬ್‌ನಲ್ಲಿ ಲೆವೆಲಿಂಗ್ ಉಪಕರಣದ ಮುಂದೆ ಬರೀ ರೀಡಿಂಗ್ ಬರೆದುಕೊಂಡಿದ್ದ ನನಗೆ, ಮಟ್ಟ ಅಂದರೆ ಏನೆಂದು ತಿಳಿದದ್ದು ಆವತ್ತು.

ಮೋಲ್ಡ್ ಹಾಕುವ ದಿನ ಮಾತ್ರ ನನ್ನ ಪುಸ್ತಕ ಎಚ್ಚರವಾಯಿತು. ಮಾಲು ಗಟ್ಟಿ ಎಂದು ಮಿಕ್ಸರ್‌ಗೆ ಅಂದಾಜಿನಲ್ಲಿ ನೀರು ಸುರಿಯುತ್ತಿದ್ದರು. ಸಿಮೆಂಟಿಗೆ ಇಷ್ಟೇ ನೀರು ಎಂಬ ಲೆಕ್ಕ ಮೀರಿದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ ಎಂದು ಧೈರ್ಯ ಮಾಡಿ ಹೇಳಿದೆ. ಎಲ್ಲರೂ ನನ್ನನ್ನೇ ನೋಡಿದರು. ಮೇಸ್ತ್ರಿ ಬೈಯಲಿಲ್ಲ. ‘ನೀರು ಕಮ್ಮಿ ಆದ್ರೆ ಮಾಲು ಕಂಬಿ ಸಂದಿಗೆ ಇಳಿಯಲ್ಲ. ಇಳಿಸು ನೋಡೋಣ’ ಎಂದು ವೈಬ್ರೇಟರ್ ಕೈಗೆ ಕೊಟ್ಟರು. ಕಾಲು ಗಂಟೆಗೆ ಕೈ ಜೋಮು ಹಿಡಿಯಿತು. ನೀರು ಯಾಕೆ ಸುರಿಯುತ್ತಾರೆ ಎಂಬ ಉತ್ತರ ಪುಸ್ತಕದಲ್ಲಿರಲಿಲ್ಲ, ಆ ಜೋಮಿನಲ್ಲಿತ್ತು. ಕೊನೆಗೆ ರಾಜಿಯಾಯಿತು: ನೀರನ್ನು ಬಕೆಟ್ ಲೆಕ್ಕದಲ್ಲಿ ಹಾಕುವುದು, ವೈಬ್ರೇಟರ್ ಅನ್ನು ಇಬ್ಬರು ಸರದಿಯಂತೆ ಹಿಡಿಯುವುದು. ಆ ಇಬ್ಬರಲ್ಲಿ ಒಬ್ಬ ನಾನೇ!

ಆಮೇಲಿನದು ಕ್ಯೂರಿಂಗ್. ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಒಣ ಬಿಸಿಲಿನ ಊರಲ್ಲಿ 10 ದಿನ ತೇವ ಆರಬಾರದು ಎನ್ನುತ್ತದೆ ಐಎಸ್ 456 ಸಂಹಿತೆ. ನಮ್ಮದು ಬಯಲುಸೀಮೆ, ಬೇಸಿಗೆಯಲ್ಲಿ ನೀರಿಗೇ ಬರ. ನಾಲ್ಕನೇ ದಿನಕ್ಕೇ ಎಲ್ಲರ ಉತ್ಸಾಹ ಇಳಿಯಿತು. ಮೋಲ್ಡ್ ಮೇಲೆ ಕಟ್ಟಿದ್ದ ಮಣ್ಣಿನ ಬದುಗಳಿಗೆ ಬೆಳಿಗ್ಗೆ, ಸಂಜೆ ಹೋಗಿ ನೀರು ತುಂಬಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. 10 ದಿನ ಪೂರೈಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಆ ಮನೆಯ ಮುಂದೆ ಹೋಗುವಾಗ ಈಗಲೂ ಕತ್ತೆತ್ತಿ ನೋಡುತ್ತೇನೆ.

ಭಾನುವಾರದ ಕಲ್ಲುಗಳು

ಕೆಲಸಕ್ಕೆ ರಜೆಯಿದ್ದ ದಿನ ಒಂದು ನೋಟ್‌ಬುಕ್ ಹಿಡಿದು ನಮ್ಮೂರ ಶಿವಾಲಯಕ್ಕೆ ಹೋದೆ. ಸುಮಾರು 1220ರ ಹೊಯ್ಸಳರ ಗುಡಿ. ಚಿಕ್ಕಂದಿನಿಂದ ಪಕ್ಕದಲ್ಲೇ ಓಡಾಡಿದವನು, ಅದರ ಮುಂದಿನ ಮಂಟಪ ನಕ್ಷತ್ರದ ಆಕಾರದಲ್ಲಿದೆ ಎಂಬುದನ್ನು ಈ ರಜೆಯಲ್ಲಿ ಮೊದಲ ಸಲ ಗಮನಿಸಿದೆ. ಅದರ ತಳವಿನ್ಯಾಸವನ್ನು ಕೈಯಲ್ಲೇ ಬರೆಯಲು ಕೂತೆ. ಮೂರು ಹಾಳೆ ಹರಿದವು. ಆಟೊಕ್ಯಾಡ್‌ನಲ್ಲಿ ಒಂದು ಕ್ಲಿಕ್ಕಿಗೆ ಬರುವ ಕೋನ, ಪೆನ್ಸಿಲ್ಲಿಗೆ ಬರಬೇಕಾದರೆ ಕಣ್ಣು ಕೆಲಸ ಮಾಡಲೇಬೇಕು.

ಹಳೇಬೀಡಿನಲ್ಲಿ ನಮ್ಮ ಸೋದರತ್ತೆಯ ಮನೆ. ಮುಂದಿನ ವಾರ ಅಲ್ಲಿಗೆ ಹೋದೆ, ಅಲ್ಲಿಂದ 16 ಕಿ.ಮೀ. ದೂರದ ಬೇಲೂರಿಗೂ. ಸೋಮನಾಥಪುರದ ಜತೆಗೆ ಈ ಎರಡೂ ಊರಿನ ಗುಡಿಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಶಾಲಾ ಪ್ರವಾಸದಲ್ಲಿ ನೋಡಿದ್ದಾಗ ನೆನಪಿನಲ್ಲಿ ಉಳಿದದ್ದು ಪುಳಿಯೋಗರೆ ಮಾತ್ರ. ಈ ಸಲ ಕಂಬದ ಮುಂದೆ ನಿಂತು, ಇಷ್ಟು ನುಣುಪಾದ ದುಂಡು ಹೇಗೆ ಬಂತು ಎಂದು ಯೋಚಿಸಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ಅದನ್ನು ಚರಕಿ ಯಂತ್ರಕ್ಕೆ ಕೊಟ್ಟು ಕಡೆಯಲು ಸಾಧ್ಯವಾಯಿತು. ಮೆಟೀರಿಯಲ್ಸ್ ವಿಷಯದ ಒಂದು ಇಡೀ ಅಧ್ಯಾಯ ಅಲ್ಲಿ ನಿಂತಿತ್ತು.

ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ಗುಡಿಯಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಶಿಲ್ಪಿಗಳ ರುಜು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಕೆತ್ತಿದ್ದಾರೆ. ಅವರ ಹೆಸರಿನ ಮೇಲೆ ಅವರ ಕೆಲಸ ಕೂತಿದೆ. ನನ್ನ ಚಿನ್ನದ ಅಂಚಿನ ಸರ್ಟಿಫಿಕೇಟ್ ನೆನಪಾಗಿ ನಾಚಿಕೆಯಾಯಿತು.

ನೀವೂ ಮಾಡಬಹುದು

ಎಲ್ಲರೂ ಮೋಲ್ಡ್ ಹತ್ತಬೇಕು ಎಂದು ಹೇಳುತ್ತಿಲ್ಲ. ಕಂಪ್ಯೂಟರ್ ಸೈನ್ಸ್ ಓದುವವರು ಊರಿನ ದಿನಸಿ ಅಂಗಡಿಯ ಲೆಕ್ಕಕ್ಕೆ ಒಂದು ಚಿಕ್ಕ ಪ್ರೋಗ್ರಾಂ ಬರೆಯಬಹುದು. ಮೆಕ್ಯಾನಿಕಲ್‌ನವರು ಗ್ಯಾರೇಜಿನಲ್ಲಿ, ಎಲೆಕ್ಟ್ರಿಕಲ್‌ನವರು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಎರಡು ವಾರ ಕೂರಬಹುದು. ಪಾಠ ಬೇಕೆಂದರೆ ಎನ್‌ಪಿಟಿಇಎಲ್ ತರಗತಿಗಳು ಉಚಿತ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯುವುದಾದರೆ ಮಾತ್ರ ಶುಲ್ಕ. ವಿಟಿಯುನಲ್ಲಿ ಓದುವ ನಮಗೆ ಪದವಿಗೆ 100 ಆಕ್ಟಿವಿಟಿ ಪಾಯಿಂಟ್ಸ್ ಬೇಕು, ಲ್ಯಾಟರಲ್ ಎಂಟ್ರಿಯವರಿಗೆ 75. ಅದನ್ನು ಕೊನೆಯ ವರ್ಷಕ್ಕೆ ಗುಡ್ಡೆ ಹಾಕಿಕೊಳ್ಳುವ ಬದಲು, ಯಾವ ಕೆಲಸಕ್ಕೆ ಪಾಯಿಂಟ್ಸ್ ಸಿಗುತ್ತದೆ ಎಂದು ಕಾಲೇಜಿನಲ್ಲಿ ಮೊದಲೇ ಕೇಳಿಕೊಂಡು ರಜೆಯಲ್ಲೇ ಮಾಡಿ. ಇಂಟರ್ನ್‌ಶಿಪ್‌ಗೆ ದುಡ್ಡು ಕೇಳಿದರೆ ಒಂದೇ ಪ್ರಶ್ನೆ ಹಾಕಿ: ‘ನನ್ನ ಕೈಯಿಂದ ಏನು ಮಾಡಿಸುತ್ತೀರಿ?’ ಉತ್ತರ ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ. ಮತ್ತೆ, ದಿನಕ್ಕೆ ಅರ್ಧ ಪುಟವಾದರೂ ಬರೆದಿಡಿ. ಮಾಡಿದ್ದು ಮರೆತುಹೋದರೆ ಸಂದರ್ಶನದಲ್ಲಿ ನನ್ನ ಹಾಗೆ ಫ್ಯಾನ್ ನೋಡಬೇಕಾಗುತ್ತದೆ.

ಎಲ್ಲವೂ ಸುಲಲಿತವಾಯಿತು ಎಂದರೆ ಸುಳ್ಳಾಗುತ್ತದೆ. ಗಣಿತದ ಬ್ಯಾಕ್‌ಲಾಗ್ ಇನ್ನೂ ಹಾಗೇ ಇದೆ, ರಾತ್ರಿ ಓದಲು ಕೂತರೆ ನಿದ್ದೆ ಎಳೆಯುತ್ತಿತ್ತು. ಗೆಳೆಯರ ರೆಸ್ಯೂಮೆಯಲ್ಲಿ ನನಗಿಂತ ಒಂದು ಸಾಲು ಜಾಸ್ತಿಯಿದೆ. ನನ್ನ ಬಳಿ ಇರುವುದು ಸಿಮೆಂಟ್ ಕಲೆಯ ನೋಟ್‌ಬುಕ್ ಒಂದೇ. ಆದರೂ ಮುಂದಿನ ಸಲ ಮೇಷ್ಟ್ರು ‘ಏನು ಮಾಡಿದೆ?’ ಎಂದರೆ, ಹತ್ತು ನಿಮಿಷ ಮಾತಾಡಬಲ್ಲೆ.

ಕಾಲೇಜಿಗೆ ಹೊರಡುವ ಹಿಂದಿನ ದಿನ ಅಟ್ಟ ಹತ್ತಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಕೊಬ್ಬರಿಯಾದರೆ ಒಳಗೆ ಗಡಗಡ ಎನ್ನಬೇಕು. ಇನ್ನೂ ನೀರಿನ ಸದ್ದು. ಕೆಳಗಿನಿಂದ ಅಪ್ಪ ಕೂಗಿದರು: ‘ಅಲ್ಲೇ ಇಡೋ, ಅದಕ್ಕಿನ್ನೂ ಟೈಮ್ ಐತೆ.’