ಜೀವವೇನೋ ಉಳಿಯಿತು, ಬದುಕು?

‘ಸದ್ಯ, ಜೀವ ಉಳಿಯಿತಲ್ಲ!’ ಲಕ್ವ ಹೊಡೆದವರನ್ನು ನೋಡಲು ಬಂದವರು ಹೇಳುವ ಮಾತಿದು. ಮಾತು ನಿಜ. ಆದರೆ ‘ಉಳಿಯುವುದು’ ಬೇರೆ, ‘ಬದುಕುವುದು’ ಬೇರೆ. ಪಾತ್ರೆಯ ತಳದಲ್ಲಿ ಅನ್ನವೂ ಉಳಿಯುತ್ತದೆ, ಸುಮ್ಮನೆ. ಬದುಕು ಹಾಗಲ್ಲ. ನಮ್ಮ ಹಳ್ಳಿಗಳಲ್ಲಿ ಬದುಕು ಎಂದರೆ ಕೆಲಸ, ಹೊಲಮನೆ, ಸಂಸಾರ ಎಲ್ಲವೂ ಹೌದು.

ಜೀವ ಉಳಿಸುವ ಕೆಲಸ ಆಸ್ಪತ್ರೆಯದು. ಅದಕ್ಕೆ ನಿಮ್ಮ ಅವಸರ ಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಣ್ಣೆ ಹಚ್ಚುತ್ತ, ನಾಟಿ ಔಷಧಿ ಹುಡುಕುತ್ತ ಆ ಹೊತ್ತನ್ನು ಕಳೆಯಬೇಡಿ.

ಬದುಕಿಸುವ ಕೆಲಸ ಶುರುವಾಗುವುದು ರೋಗಿ ಮನೆಗೆ ಬಂದ ಮೇಲೆ. ಇಲ್ಲಿ ಪ್ರೀತಿಯೇ ಕೆಲವೊಮ್ಮೆ ಅಡ್ಡಿಯಾಗುತ್ತದೆ. ಮಗಳು ತುತ್ತು ಕೊಡುತ್ತಾಳೆ, ಮಗ ಅಂಗಿ ತೊಡಿಸುತ್ತಾನೆ, ‘ನೀವು ಮಲಗಿ ಅಬ್ಬಾ’ ಎನ್ನುತ್ತಾರೆ. ಆದರೆ ಮೆದುಳು ಮರೆತ ಕೆಲಸವನ್ನು ಮತ್ತೆ ಕಲಿಯುವುದು ಮಾಡಿ ಮಾಡಿಯೇ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಹೆಚ್ಚು ವೇಗವಾಗಿರುತ್ತದೆ. ಆಮೇಲೂ ಅದು ನಿಲ್ಲುವುದಿಲ್ಲ. ಆದ್ದರಿಂದ ಫಿಸಿಯೋಥೆರಪಿಸ್ಟ್ ಹೇಳಿದ ವ್ಯಾಯಾಮವನ್ನು ದಿನವೂ ಮಾಡಿಸಿ. ಅಂಗಿಯ ಗುಂಡಿಯನ್ನು ಅವರೇ ಹಾಕಿಕೊಳ್ಳಲಿ, ಹತ್ತು ನಿಮಿಷ ಹಿಡಿದರೂ ಸರಿ. ಬಲಹೀನವಾದ ಕೈಯನ್ನು ಮೊದಲು ತೋಳಿಗೆ ತೂರಿಸುವುದು ಸುಲಭ. ಆ ಕೈ ಹಿಡಿದೆಳೆದು ಮಾತ್ರ ಎಬ್ಬಿಸಬೇಡಿ, ಭುಜದ ಕೀಲಿಗೆ ಪೆಟ್ಟಾಗುತ್ತದೆ.

ನುಂಗಲು ತೊಂದರೆ ಇದೆಯೇ ಎಂದು ವೈದ್ಯರು ಪರೀಕ್ಷಿಸುವವರೆಗೆ ನೀರನ್ನೂ ಕೊಡಬಾರದು. ಆಮೇಲೂ ನೆಟ್ಟಗೆ ಕೂರಿಸಿಯೇ ಉಣಿಸಿ. ಆಹಾರ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಹಾಸಿಗೆಯಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿ, ಬೆನ್ನು ಸೊಂಟಗಳನ್ನು ಒಣಗಿದಂತೆ ಇಡಿ. ಇಲ್ಲದಿದ್ದರೆ ಹುಣ್ಣಾಗುತ್ತದೆ.

ಮಾತು ನಿಂತವರ ಬುದ್ಧಿ ನಿಂತಿದೆ ಎಂದು ತಿಳಿಯಬೇಡಿ. ಅವರೆದುರೇ ಅವರ ಬಗ್ಗೆ ಬೇರೆಯವರೊಡನೆ ಮಾತಾಡಬೇಡಿ. ಹೌದು, ಇಲ್ಲ ಎಂದು ತಲೆಯಾಡಿಸಿ ಹೇಳಬಹುದಾದ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಮಗಳ ಮದುವೆಯ ಮಾತುಕತೆಯಿರಲಿ, ಅಂಗಡಿಯ ಲೆಕ್ಕವಿರಲಿ, ಅವರ ಅಭಿಪ್ರಾಯ ಪಡೆಯಿರಿ. ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಊಟ ಸೇರದೆ, ನಿದ್ದೆ ಬಾರದೆ, ಸದಾ ಅಳುತ್ತಿದ್ದರೆ ಅದನ್ನು ಹಟ ಎನ್ನಬೇಡಿ, ವೈದ್ಯರಿಗೆ ತಿಳಿಸಿ. ಅದಕ್ಕೂ ಚಿಕಿತ್ಸೆ ಇದೆ.

ಒಮ್ಮೆ ಹೊಡೆದ ಲಕ್ವ ಮತ್ತೆ ಹೊಡೆಯಬಹುದು. ರಕ್ತದೊತ್ತಡದ ಮಾತ್ರೆಯನ್ನು ‘ಈಗ ಆರಾಮಾಗಿದೆ’ ಎಂದು ನಿಲ್ಲಿಸಬೇಡಿ. ಉಪ್ಪು ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆಯಿರಲಿ. ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ. ಬೀಡಿ, ಸಿಗರೇಟು, ತಂಬಾಕು ಪೂರ್ತಿ ಬಿಡಬೇಕು.

ಇನ್ನು ಮುಂದೆ ಅಂಥವರನ್ನು ನೋಡಲು ಹೋದಾಗ ‘ಜೀವ ಉಳಿಯಿತಲ್ಲ’ ಎಂದು ಹೇಳಿ ಎದ್ದು ಬರಬೇಡಿ. ಇವತ್ತು ಏನು ಮಾಡಿದಿರಿ ಎಂದು ಅವರನ್ನೇ ಕೇಳಿ.