‘ಬರಾಕತ್ತೀನಿ’ ತಪ್ಪು ಕನ್ನಡವಲ್ಲ

ತಪ್ಪು ಕಲ್ಪನೆ: ರಾಯಚೂರು ಜಿಲ್ಲೆಯ ಜಾಲಹಳ್ಳಿ, ದೇವದುರ್ಗ, ಮಾನ್ವಿ ಕಡೆಯ ಮಾತಿಗೆ ವ್ಯಾಕರಣವಿಲ್ಲ, ‘ಬರುತ್ತಿದ್ದೇನೆ’ ಎಂಬುದೇ ಕೆಟ್ಟು ‘ಬರಾಕತ್ತೀನಿ’ ಆಗಿದೆ.

ಸತ್ಯ: ಎರಡರ ಕಟ್ಟೋಣವೇ ಬೇರೆ. ‘ಬರುತ್ತ’ದ ಜೊತೆ ‘ಇರು’ ಸೇರಿ ‘ಬರುತ್ತಿದ್ದೇನೆ’ ಆಯಿತು. ‘ಬರಲಿಕ್ಕೆ’ ಎಂಬರ್ಥದ ‘ಬರಾಕ’ದ ಜೊತೆ ‘ಹತ್ತು’ ಸೇರಿ, ಆಡುವಾಗ ಹಕಾರ ಬಿದ್ದು, ‘ಬರಾಕತ್ತೀನಿ’ ಆಯಿತು. ಇಲ್ಲಿ ‘ಹತ್ತು’ ಎಂದರೆ ತೊಡಗು. ‘ಮಗು ಅಳಹತ್ತಿತು’ ಎಂದು ಕಾದಂಬರಿಯಲ್ಲಿ ಬಂದರೆ ಯಾರೂ ತಿದ್ದುವುದಿಲ್ಲ. ಅದೇ ‘ಹತ್ತು’ ನಮ್ಮೂರಿನ ಬಾಯಲ್ಲಿ ಬಂದರೆ ಮಾತ್ರ ಅಶುದ್ಧವೇ?

ವ್ಯಾಕರಣವಿಲ್ಲ ಎನ್ನುವವರು ಇದನ್ನು ಸಾಲಾಗಿ ಓದಲಿ: ನಾನು ಬರಾಕತ್ತೀನಿ, ನಾವು ಬರಾಕತ್ತೀವಿ, ಅವ ಬರಾಕತ್ತಾನ, ಅಕಿ ಬರಾಕತ್ತಾಳ, ಅವರು ಬರಾಕತ್ತಾರ, ಮಳಿ ಬರಾಕತ್ತೈತಿ. ಪುರುಷ, ಲಿಂಗ, ವಚನ ಯಾವುದೂ ತಪ್ಪಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಮುದುಕಿಯೂ ‘ಅಕಿ ಬರಾಕತ್ತಾನ’ ಎನ್ನುವುದಿಲ್ಲ. ವ್ಯಾಕರಣ ಎಂದರೆ ಇದೇ.

‘ಅದೆಲ್ಲ ಉರ್ದು ಬೆರಕೆ’ ಎಂಬ ಮಾತೂ ಉಂಟು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆಗೆ ಉರ್ದು ಪದಗಳು ಬಂದದ್ದು ನಿಜ. ‘ಹತ್ತು’ ಮಾತ್ರ ಅಚ್ಚಗನ್ನಡ.

‘ಪ್ರ, ಸಂ, ಉಪ ಮುಂತಾದ ಉಪಸರ್ಗಗಳಿವೆ, ಆದ್ದರಿಂದ ಕನ್ನಡ ಸಂಸ್ಕೃತದಿಂದ ಹುಟ್ಟಿತು’ ಎಂಬುದೂ ಸುಳ್ಳು. ಅವು ಎರವಲು ಪದಗಳ ಜೊತೆಗೇ ಬಂದವು: ‘ಸಂಹರಿಸು’ ಉಂಟು, ‘ಸಂಬರು’ ಇಲ್ಲ. ಪದದ ಮೊದಲಿಗೆ ಸೇರಿಸುವುದೇ ಸ್ವಂತ ರೀತಿಯಾದ ನುಡಿ ಬೇರೆ ಬಗೆಯದು: ಫಿಲಿಪ್ಪೀನ್ಸಿನ ತಗಾಲೋಗ್ ನುಡಿಯಲ್ಲಿ ‘ಲುತೋ’ ಎಂಬ ಮೂಲದ ಮೊದಲಿಗೆ ‘ಮಾಗ್’ ಸೇರಿದರೆ ಅಡುಗೆ ಮಾಡುವುದು, ‘ನಾಗ್’ ಸೇರಿದರೆ ಮಾಡಿ ಮುಗಿಸಿದ್ದು. ಕನ್ನಡದ ಕ್ರಿಯಾಪದ ಆ ಕೆಲಸವನ್ನೆಲ್ಲ ಕೊನೆಯಲ್ಲಿ ಮಾಡುತ್ತದೆ, ರಾಯಚೂರಿನಲ್ಲೂ ಮೈಸೂರಿನಲ್ಲೂ.

9ನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಅದು ಇಂದಿನ ಕೊಪ್ಪಳ. 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಇದನ್ನು ತಿಳಿಯದೆ, ಅಚ್ಚಾದದ್ದೆಲ್ಲ ಶುದ್ಧ, ಸಿನಿಮಾದಲ್ಲಿ ನಗೆಗೆ ಬಳಸಿದ್ದೆಲ್ಲ ಅಶುದ್ಧ ಎಂದು ನಂಬಿಬಿಟ್ಟಿದ್ದೇವೆ. ಯಾರೋ ಹೇಳಿದ್ದನ್ನು ಕೇಳಿ ನಮ್ಮ ನಾಲಗೆಗೆ ನಾವೇ ನಾಚುವ ಈ ಗುಣ ಹೋಗಬೇಕು.

ಶಿಕ್ಷಕರಲ್ಲಿ ಒಂದು ವಿನಂತಿ: ಮಕ್ಕಳಿಗೆ ಬರವಣಿಗೆಯ ಕನ್ನಡವನ್ನು ಚೆನ್ನಾಗಿ ಕಲಿಸಿ. ಮನೆಯ ಕನ್ನಡ ತಪ್ಪೆಂದು ಮಾತ್ರ ಹೇಳಬೇಡಿ.